ಯಾವ ಮದ್ದು ಆಗಲಿಲ್ಲ ಅಂತ ಬರೆಸಿಕೊಳ್ಳದೆ ಆಸ್ಪತ್ರೆಯಿಂದ ಹೊರಡಬೇಡಿ

ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಅಮ್ಮನ ಪಿತ್ತಕೋಶದ ಕಲ್ಲು ತೆಗೆಸಲು ತಲಪಾಡಿ ಗಡಿ ದಾಟಿ ಮಂಗಳೂರಿನ ಒಂದು ಆಸ್ಪತ್ರೆಗೆ ಸೇರಿಸಿದ್ದೆವು. ಒಳಗೆ ಕರೆದುಕೊಂಡು ಹೋಗಿ ಅರ್ಧ ಗಂಟೆಯೂ ಆಗಿರಲಿಲ್ಲ, ಡಾಕ್ಟರ್ ಹೊರಗೆ ಬಂದರು. ಪ್ರಜ್ಞೆ ತಪ್ಪಿಸಿದ ಕೂಡಲೇ ಬಿಪಿ ಪೂರ್ತಿ ಇಳಿಯಿತು, ಆಪರೇಷನ್ ಮಾಡಲಿಲ್ಲ ಅಂದರು. ಐಸಿಯುನಲ್ಲಿ ಅಮ್ಮನ ಮುಖ ಊದಿ ಗುರುತೇ ಸಿಗುತ್ತಿರಲಿಲ್ಲ.

ಅಡ್ರಿನಲಿನ್ ಕೊಟ್ಟು ಉಳಿಸಿದರು. ಆ ಋಣ ನಮ್ಮ ಮೇಲಿದೆ. ನನ್ನ ಬೇಸರ ಆಮೇಲಿನದ್ದು. ಡಿಸ್ಚಾರ್ಜ್ ಕಾಗದದಲ್ಲಿ 'ಮದ್ದಿನ ಅಲರ್ಜಿ' ಅಂತಷ್ಟೇ ಇತ್ತು. ಯಾವ ಮದ್ದು? ಅವರು ಬರೆಯಲಿಲ್ಲ, ನಾವು ಕೇಳಲಿಲ್ಲ. ಜೀವ ಉಳಿಯಿತಲ್ಲ ಅಂತ ಮನೆಗೆ ಬಂದೆವು.

ಎಂಟು ತಿಂಗಳಲ್ಲಿ ನೋವು ಮತ್ತೆ ಶುರುವಾಯಿತು. ಬೇರೆ ಆಸ್ಪತ್ರೆಯ ಅರಿವಳಿಕೆ ಡಾಕ್ಟರ್ ಮೊದಲು ಕೇಳಿದ್ದೇ ಆ ಮದ್ದಿನ ಹೆಸರು. ನಮ್ಮ ಹತ್ತಿರ ಉತ್ತರ ಇರಲಿಲ್ಲ. ಅವರು ತಾಳ್ಮೆಯಿಂದ ವಿವರಿಸಿದರು. ಪ್ರಜ್ಞೆ ತಪ್ಪಿಸುವಾಗ ಕೆಲವೇ ನಿಮಿಷಗಳಲ್ಲಿ ನಿದ್ದೆಯ ಮದ್ದು, ನೋವಿನ ಮದ್ದು, ಸ್ನಾಯು ಸಡಿಲಿಸುವ ಮದ್ದು, ಆಂಟಿಬಯಾಟಿಕ್ ಒಂದರ ಹಿಂದೆ ಒಂದು ಹೋಗುತ್ತವೆ. ಕ್ರಿಮಿ ಸಾಯಲು ಚರ್ಮಕ್ಕೆ ಹಚ್ಚುವ ಕ್ಲೋರ್‌ಹೆಕ್ಸಿಡಿನ್, ಕೈಗವಸಿನ ಲೇಟೆಕ್ಸ್ ಕೂಡ ಕಾರಣ ಆಗಬಹುದು. ಹಿಂದೆ ಒಮ್ಮೆಯೂ ಆಪರೇಷನ್ ಆಗದವರಿಗೂ ಸ್ನಾಯು ಸಡಿಲಿಸುವ ಮದ್ದಿಗೆ ಹೀಗಾಗಬಹುದಂತೆ. ರಿಯಾಕ್ಷನ್ ಆದ ಒಂದೆರಡು ಗಂಟೆಯೊಳಗೆ, ಮತ್ತೆ 24 ಗಂಟೆ ಕಳೆದ ಮೇಲೆ ರಕ್ತ ತೆಗೆದು, ಇಂಥ ಅಲರ್ಜಿಯಲ್ಲಿ ಏರುವ ಟ್ರಿಪ್ಟೇಸ್ ಅನ್ನುವ ಅಂಶ ಎಷ್ಟಿದೆ ಅಂತ ನೋಡಿದರೆ ಅಲರ್ಜಿಯೇ ಹೌದಾ ಅಂತ ತಿಳಿಯಲು ಸಹಾಯ ಆಗುತ್ತದೆ. ನಮ್ಮ ಆ ಹೊತ್ತು ಕಳೆದುಹೋಗಿತ್ತು.

ಉಳಿದದ್ದು ಅನಸ್ತೇಶಿಯಾ ಚಾರ್ಟ್ ಒಂದೇ. ಎಷ್ಟು ಗಂಟೆಗೆ ಏನು ಕೊಟ್ಟರು ಅಂತ ಅದರಲ್ಲಿ ಇರುತ್ತದೆ. ಹಳೇ ಆಸ್ಪತ್ರೆಗೆ ಎರಡು ಸಲ ಸುಮ್ನೆ ಹೋಗಿ ಬಂದೆ. ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ 2002ರ ವೈದ್ಯಕೀಯ ಮಂಡಳಿಯ ನಿಯಮ ಇದೆ. ಅದನ್ನು ಅರ್ಜಿಯಲ್ಲೇ ಬರೆದು ಕೊಟ್ಟೆ, ಪ್ರತಿ ಸಿಕ್ಕಿತು. ಅದನ್ನು ನೋಡಿ ಹೊಸ ಆಸ್ಪತ್ರೆಯವರು ಒಂದೊಂದೇ ಮದ್ದಿಗೆ ಚರ್ಮದ ಪರೀಕ್ಷೆ ಮಾಡಿದರು. ಸ್ನಾಯು ಸಡಿಲಿಸುವ ರೋಕುರೋನಿಯಂ ಅನ್ನುವ ಮದ್ದಿಗೆ ದದ್ದು ಎದ್ದಿತು. ಸಾಮಾನ್ಯವಾಗಿ ರಿಯಾಕ್ಷನ್ ಆಗಿ 4ರಿಂದ 6 ವಾರ ಬಿಟ್ಟು ಈ ಪರೀಕ್ಷೆ ಮಾಡುತ್ತಾರೆ. ಅಂದರೆ ಏಳು ತಿಂಗಳ ಹಿಂದೆಯೇ ನಮಗೆ ಇದು ಗೊತ್ತಾಗಬಹುದಿತ್ತು, ಅಲ್ವಾ?

ಆ ಗುಂಪಿನ ಬೇರೆ ಮದ್ದುಗಳನ್ನೂ ಪರೀಕ್ಷಿಸಿ, ಆಗುವುದನ್ನು ಮಾತ್ರ ಬಳಸಿ ಆಪರೇಷನ್ ಮುಗಿಸಿದರು. ರಾತ್ರಿ ಹೊತ್ತು ಏನಾದರೂ ಆದರೆ ಕಾಸರಗೋಡೋ ಮಂಗಳೂರೋ ಪರಿಯಾರಮೋ, ಎಲ್ಲಿಗೆ ಓಡುತ್ತೇವೆ ಅಂತ ಹೇಳಲಾಗದು. ಅದಕ್ಕೇ ಅಮ್ಮನ ಪರ್ಸಿನಲ್ಲಿ ಈಗ ಆ ಮದ್ದಿನ ಹೆಸರಿನ ಚೀಟಿ ಇದೆ. ಕನ್ನಡ, ಮಲಯಾಳಂ, ಇಂಗ್ಲಿಷ್ ಮೂರರಲ್ಲೂ ಬರೆದಿದ್ದೇನೆ.