ತೈಲಬಾವಿಗೂ ಮನೆಗೂ ನಡುವಿನ ಅಂತರ: ಅಮೆರಿಕದ ಮೂರು ರಾಜ್ಯಗಳ ಹೋಲಿಕೆ

ಅಮೆರಿಕದ ತೈಲ ಪ್ರದೇಶದಲ್ಲಿ ಮನೆ ಕೊಳ್ಳುವವರು ರಾಜ್ಯದ ನಿಯಮವನ್ನು ಮೊದಲು ಓದಬೇಕು. ಪೆನ್ಸಿಲ್ವೇನಿಯಾದ 2012ರ ಕಾಯ್ದೆಯಂತೆ ಶೇಲ್ ಅನಿಲದ (ಪದರ ಬಂಡೆಯೊಳಗಿಂದ ತೆಗೆಯುವ ಅನಿಲ) ಹೊಸ ಬಾವಿ, ಆಗಲೇ ಇರುವ ಕಟ್ಟಡದಿಂದ 500 ಅಡಿ, ಅಂದರೆ ಸುಮಾರು 150 ಮೀಟರ್ ದೂರದಲ್ಲಿದ್ದರೆ ಸಾಕು. ಮಾಲೀಕರು ಲಿಖಿತ ಒಪ್ಪಿಗೆ ಕೊಟ್ಟರೆ ಅಷ್ಟೂ ಬೇಕಿಲ್ಲ. ಶಬ್ದ, ಹೊಗೆ ಮತ್ತು ಲಾರಿಗಳ ಓಡಾಟವನ್ನು ನೆನೆದರೆ ಇದು ತೀರಾ ಕಡಿಮೆಯೆಂದೇ ನನ್ನ ಅಭಿಪ್ರಾಯ.

ಕೊಲೊರಾಡೊ 2021ರಿಂದ 2,000 ಅಡಿಗಳ ಅಂತರವನ್ನು ಜಾರಿಗೆ ತಂದಿದೆ. ಆದರೆ ನಿವಾಸಿಗಳ ಒಪ್ಪಿಗೆಯಿದ್ದರೆ, ಅಥವಾ ಅಷ್ಟೇ ಸಮನಾದ ರಕ್ಷಣೆಯಿದೆಯೆಂದು ಬಾವಿಗಳಿಗೆ ಅನುಮತಿ ಕೊಡುವ ರಾಜ್ಯದ ಆಯೋಗಕ್ಕೆ ಮನವರಿಕೆಯಾದರೆ, ಬಾವಿಗಳು ಇನ್ನೂ ಹತ್ತಿರ ಬರಬಹುದಾದ್ದರಿಂದ, ಈ ಸಂಖ್ಯೆಯನ್ನು ಅಭೇದ್ಯ ಗೋಡೆಯೆಂದು ನಂಬಬಾರದು.

ಕ್ಯಾಲಿಫೋರ್ನಿಯಾ 2022ರಲ್ಲಿ ಅಂಗೀಕರಿಸಿದ ಕಾನೂನು ಮನೆ, ಶಾಲೆ, ಆಸ್ಪತ್ರೆಗಳಿಂದ 3,200 ಅಡಿಯೊಳಗೆ ಹೊಸ ಬಾವಿಗಳನ್ನು ನಿಷೇಧಿಸುತ್ತದೆ. ತೈಲ ಉದ್ಯಮವು ಆ ಕಾನೂನನ್ನು ರದ್ದುಮಾಡಿಸಲು ನಡೆಸಿದ್ದ ಜನಮತಗಣನೆಯ ಪ್ರಯತ್ನವನ್ನು 2024ರಲ್ಲಿ ಹಿಂತೆಗೆದುಕೊಂಡ ಮೇಲೆ ಅದು ಜಾರಿಗೆ ಬಂತು. ಮೂರರಲ್ಲಿ ನಾನು ಇದನ್ನೇ ಆರಿಸುತ್ತೇನೆ. ಆದರೂ ಹಳೆಯ ಬಾವಿಗಳು ಅಲ್ಲಿಯೇ ಉಳಿಯುತ್ತವೆ, ಮತ್ತು ಈ ನಿಯಮಗಳು ತಡೆಯುವುದು ಹೊಸ ಬಾವಿಯನ್ನೇ ಹೊರತು ಹಳೆಯ ಬಾವಿಯ ಪಕ್ಕದಲ್ಲಿ ಏಳುವ ಹೊಸ ಮನೆಯನ್ನಲ್ಲ. ಆದ್ದರಿಂದ ಖರೀದಿಗೆ ಮುನ್ನ ರಾಜ್ಯದ ಬಾವಿ ನಕ್ಷೆಯಲ್ಲಿ ಆ ವಿಳಾಸವನ್ನು ಹುಡುಕಿ ನೋಡಿ.