ರೆಸ್ಟಿಕ್ ಮತ್ತು ಎರಡು ಹಾರ್ಡ್ ಡಿಸ್ಕ್: ಪಿಎಚ್‌ಡಿ ಮುಗಿಯುವ ಹೊತ್ತಿಗೆ ನನ್ನ ಅಭಿಪ್ರಾಯ

ಪಿಎಚ್‌ಡಿಯ ಬಹುಪಾಲು ಅವಧಿ ರೆಸ್ಟಿಕ್ ಅನ್ನೋ ಬ್ಯಾಕಪ್ ಸಾಫ್ಟ್‌ವೇರ್ ಬಳಸಿದ್ದೇನೆ. ದುಡ್ಡು ಕೊಡಬೇಕಿಲ್ಲ, ಓಪನ್ ಸೋರ್ಸ್, ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ. ಅದರಲ್ಲಿ ಏನೇನಿದೆ ಅನ್ನೋ ಪೂರ್ತಿ ಪಟ್ಟಿ ಇಲ್ಲಿ ಬೇಡ, ಅದನ್ನು ಬಿಡೋಣ. ಬ್ಯಾಕಪ್ ನಿಜವಾಗಿಯೂ ಕೆಲಸ ಮಾಡ್ತಿದೆಯಾ ಅಂತ ನೋಡೋದಕ್ಕೆ ಶನಿವಾರ ಶನಿವಾರ ಒಂದು ಹಳೆಯ ಫೈಲನ್ನು ವಾಪಸ್ ತೆಗೆದು ತೆರೆಯುವ ಅಭ್ಯಾಸ ಮಾಡಿಕೊಂಡೆ. ಆ ಅಭ್ಯಾಸದಿಂದ ನನಗೆ ಸಿಕ್ಕಿದ್ದನ್ನು ಹೇಳಬೇಕು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಕೆಲಸ ಅಂಕೋಲಾ ಕಡೆಯ ಹಾಲಕ್ಕಿ ಸಮುದಾಯದ ಹಾಡುಗಳ ಮೇಲೆ. ಊರೂರಿಗೆ ಹೋಗಿ ರೆಕಾರ್ಡ್ ಮಾಡೋದು, ಆಮೇಲೆ ಕೂತು ಒಂದೊಂದು ಸಾಲನ್ನೂ ಈಲಾನ್ ಅನ್ನೋ ಸಾಫ್ಟ್‌ವೇರಿನಲ್ಲಿ ಧ್ವನಿಯ ಜೊತೆ ಬರೆದಿಡೋದು. ಧ್ವನಿ ಚೆನ್ನಾಗಿರಬೇಕು ಅಂದರೆ ಎಂಪಿ3 ಸಾಲದು, 48 ಕಿಲೋಹರ್ಟ್ಸ್, 24 ಬಿಟ್ ವೇವ್ ಫೈಲೇ ಬೇಕು. ಒಂದು ಗಂಟೆಗೆ ಸುಮಾರು 1 ಜಿಬಿ ಆಗುತ್ತದೆ. ಈ ಫೈಲು ಹೋದರೆ ಮತ್ತೆ ಹೋಗಿ ರೆಕಾರ್ಡ್ ಮಾಡಿಕೊಂಡು ಬರ್ತೀನಿ ಅನ್ನುವ ಹಾಗಿಲ್ಲ. ಹಾಲಕ್ಕಿ ಹಾಡುಗಳನ್ನು ಸಾವಿರಾರು ಸಂಖ್ಯೆಯಲ್ಲಿ ಬಾಯಲ್ಲೇ ಇಟ್ಟುಕೊಂಡಿದ್ದ ಪದ್ಮಶ್ರೀ ಸುಕ್ರಿ ಬೊಮ್ಮಗೌಡ ಅವರು 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಆ ತಲೆಮಾರಿನ ಅಜ್ಜಿಯರು ಒಬ್ಬೊಬ್ಬರಾಗಿ ಹೋಗ್ತಿದ್ದಾರೆ. ಒಮ್ಮೆ ಹಾಡಿದ್ದನ್ನು ಅವರು ಇನ್ನೊಮ್ಮೆ ಅದೇ ರೀತಿ ಹಾಡೋದೂ ಇಲ್ಲ.

ನಮ್ಮ ವಿಭಾಗದಲ್ಲಿ ಬ್ಯಾಕಪ್ ಅಂದರೆ ಪೆನ್ ಡ್ರೈವ್. ಅದೇ ಪೆನ್ ಡ್ರೈವನ್ನು ಝೆರಾಕ್ಸ್ ಅಂಗಡಿಯ ಕಂಪ್ಯೂಟರಿಗೂ ಹಾಕ್ತಾರೆ, ವಾಪಸ್ ಬಂದಾಗ ವೈರಸ್ ಹತ್ತಿ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿರುತ್ತವೆ. ಇನ್ನು ಕೆಲವರು ಯೂನಿವರ್ಸಿಟಿ ಇಮೇಲ್ ಜೊತೆ ಬರುವ ಗೂಗಲ್ ಡ್ರೈವ್ ಇದೆಯಲ್ಲ ಅಂತಾರೆ. ಇದೆ, ನಿಜ. ಆದರೆ ಮೊದಲಿನ ಹಾಗೆ ಮಿತಿಯಿಲ್ಲದ ಜಾಗ ಈಗಿಲ್ಲ. ಇಡೀ ಸಂಸ್ಥೆಗೆ ಸೇರಿ 100 ಟಿಬಿ ಅಂತ ಗೂಗಲ್ 2021ರಲ್ಲಿ ಹೇಳಿತು, 2022ರ ಜುಲೈನಿಂದ ಜಾರಿಗೆ ತಂದಿತು. ಹತ್ತು ಸಾವಿರ ಜನರಿರುವ ಯೂನಿವರ್ಸಿಟಿಯಲ್ಲಿ ಹಂಚಿದರೆ ತಲೆಗೆ 10 ಜಿಬಿ. ನನ್ನ ಒಂದು ವಾರದ ಫೀಲ್ಡ್‌ವರ್ಕಿಗೇ ಅದು ಸಾಲದು. ಪಿಎಚ್‌ಡಿ ಮುಗಿದ ಮೇಲೆ ನಮ್ಮ ಅಕೌಂಟನ್ನೂ ಮುಚ್ಚುತ್ತಾರೆ. ಇದು ನನಗೆ ಬೇಸರದ ವಿಷಯ. ಐದಾರು ವರ್ಷ ದುಡಿದು ಕೂಡಿಸಿದ್ದನ್ನು ಇಡೋದಕ್ಕೆ ಒಂದು ಶಾಶ್ವತ ಜಾಗ ಕೊಡುವುದು ಯೂನಿವರ್ಸಿಟಿಯ ಕೆಲಸವೇ ಅಲ್ವಾ? ಪ್ರಬಂಧದ ಪಿಡಿಎಫ್ ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾಕ್ಕೆ ಹೋಗುತ್ತದೆ, ಅದರ ಹಿಂದಿನ ಧ್ವನಿ ಎಲ್ಲಿಗೆ ಹೋಗಬೇಕು?

ಇನ್ನೊಂದು ತೊಂದರೆ, ಗೂಗಲ್ ಡ್ರೈವ್ ಮಾಡೋದು ಸಿಂಕ್, ಅಂದರೆ ಎರಡೂ ಕಡೆ ಒಂದೇ ಥರ ಇಡೋದು. ಲ್ಯಾಪ್‌ಟಾಪಿನಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ, ಕಸದ ಬುಟ್ಟಿಯಲ್ಲಿ 30 ದಿನ ಇದ್ದು ಹೋಗುತ್ತದೆ. ಸಂಶೋಧನೆಯಲ್ಲಿ ಎಡವಟ್ಟು ಗೊತ್ತಾಗೋದು 30 ದಿನದೊಳಗಲ್ಲ. ನನ್ನ ಒಂದು ಈಲಾನ್ ಫೈಲಿನಲ್ಲಿ ಅರ್ಥ ಬರೆದಿದ್ದ ಟಿಯರ್ (ಧ್ವನಿಯ ಕೆಳಗಿನ ಬರಹದ ಸಾಲು) ಪೂರ್ತಿ ಖಾಲಿಯಾಗಿ ಸೇವ್ ಆಗಿತ್ತು. ಹೇಗಾಯ್ತೋ ಇವತ್ತಿಗೂ ಗೊತ್ತಿಲ್ಲ. ಆ ಅಧ್ಯಾಯ ಬರೆಯಲು ಕೂತಾಗ ಕಣ್ಣಿಗೆ ಬಿತ್ತು, ಅಷ್ಟರಲ್ಲಿ ತಿಂಗಳುಗಳೇ ಕಳೆದಿದ್ದವು. ರೆಸ್ಟಿಕ್‌ನಲ್ಲಿ ಪ್ರತಿ ಬ್ಯಾಕಪ್ಪೂ ಒಂದು ಸ್ನ್ಯಾಪ್‌ಶಾಟ್ ಆಗಿ ದಿನಾಂಕದ ಸಮೇತ ಉಳಿದಿರುತ್ತದೆ. ಒಂದೊಂದೇ ಹಿಂದಕ್ಕೆ ಹೋದೆ, ಟಿಯರ್ ತುಂಬಿದ್ದ ಫೈಲು ಸಿಕ್ಕಿತು. ಒಂದೇ ಧ್ವನಿ ಫೈಲು ಎಷ್ಟು ಸ್ನ್ಯಾಪ್‌ಶಾಟಿನಲ್ಲಿದ್ದರೂ ಡಿಸ್ಕಿನಲ್ಲಿ ಒಂದೇ ಸಲ ಕೂರುತ್ತದೆ, ಹಾಗಾಗಿ ಹಳೆಯದನ್ನೆಲ್ಲ ಇಟ್ಟುಕೊಂಡರೂ ಜಾಗ ಜಾಸ್ತಿ ಹಿಡಿಯಲ್ಲ.

ಈಗ ನನ್ನ ಶನಿವಾರ. ಮಧ್ಯಾಹ್ನ ಊಟ ಆದ ಮೇಲೆ, ಕರೆಂಟ್ ಇದೆಯಾ, ಲ್ಯಾಪ್‌ಟಾಪ್ ಬ್ಯಾಟರಿ ತುಂಬಿದೆಯಾ ನೋಡಿಕೊಂಡು, ಮನೆಯ ಡಿಸ್ಕನ್ನು ಬಟ್ಟೆ ಚೀಲದಿಂದ ತೆಗೆದು ಹಾಕ್ತೀನಿ. ಬ್ಯಾಕಪ್ ಆಜ್ಞೆ ಕೊಡ್ತೀನಿ. ಹೊಸ ಫೈಲುಗಳಷ್ಟೇ ಹೋಗೋದರಿಂದ ಸಾಮಾನ್ಯವಾಗಿ ಚಹಾ ಕುದಿಯುವಷ್ಟರಲ್ಲಿ ಮುಗಿದಿರುತ್ತದೆ. ಆಮೇಲೆ ಚೆಕ್ ಆಜ್ಞೆ. ಅದರಲ್ಲಿ ಡಿಸ್ಕಿನ ಹತ್ತು ಪರ್ಸೆಂಟ್ ಡೇಟಾವನ್ನು ನಿಜವಾಗಿ ಓದಿ ನೋಡು ಅಂತ ಹೇಳಬಹುದು, ಹಾಗೇ ಹೇಳ್ತೀನಿ. ಅದು ಓಡುತ್ತಿರುವಾಗ ಚಹಾ ಕುಡಿಯೋದು. ಕೊನೆಗೆ ಕಣ್ಣಿಗೆ ಬಿದ್ದ ಯಾವುದೋ ಒಂದು ಹಳೆಯ ಸ್ನ್ಯಾಪ್‌ಶಾಟಿನಿಂದ ಒಂದು ಧ್ವನಿ ಫೈಲನ್ನು ಬೇರೆ ಫೋಲ್ಡರಿಗೆ ವಾಪಸ್ ತೆಗೆದು, ಹೆಡ್‌ಫೋನ್ ಹಾಕಿಕೊಂಡು ಕೇಳ್ತೀನಿ. ಮೊದಲು ಫೈಲು ತೆರೆಯುತ್ತಾ ಅಂತ ಮಾತ್ರ ನೋಡ್ತಿದ್ದೆ. ಬರಬರುತ್ತಾ ಪೂರ್ತಿ ಕೇಳಲು ಶುರು ಮಾಡಿದೆ.

ಇಲ್ಲಿ ನನಗೆ ಎಣಿಸದ ಲಾಭವಾಯಿತು. ಬರೆದು ಮುಗಿಸಿದ ರೆಕಾರ್ಡಿಂಗನ್ನು ಯಾರೂ ಮತ್ತೆ ಕೇಳಲ್ಲ, ಕೇಳುವಷ್ಟು ಪುರುಸೊತ್ತೂ ಇರಲ್ಲ. ನಾನು ಕೇಳಿದಾಗ ಹೊಸ ಸಂಗತಿಗಳು ಕಿವಿಗೆ ಬಿದ್ದವು. ಒಂದು ಸುಗ್ಗಿ ಹಾಡಿನಲ್ಲಿ ಹಾಡುವವರು ನಿಲ್ಲಿಸಿದ ಮೇಲೂ ಗುಮಟೆ ವಾದ್ಯದವನು ಎರಡು ಸುತ್ತು ಬಾರಿಸಿ ಮುಂದಿನ ಸಾಲಿಗೆ ಕರೆ ಕೊಡ್ತಾನೆ. ಹಾಡಿನ ಪಠ್ಯ ಮಾತ್ರ ಬರೆದುಕೊಳ್ಳುತ್ತಿದ್ದಾಗ ಅದು ನನಗೆ ಗಮನಕ್ಕೇ ಬಂದಿರಲಿಲ್ಲ. ಇನ್ನೊಂದರಲ್ಲಿ ಹಾಡು ಮುಗಿಸಿದ ಅಜ್ಜಿ ಪಕ್ಕದವರಿಗೆ, ಈ ಸಾಲನ್ನು ನಮ್ಮ ತವರಲ್ಲಿ ಹೀಗೆ ಹೇಳಲ್ಲ ಅಂತ ಮೆಲ್ಲಗೆ ಅಂದಿದ್ದಾರೆ. ಆ ಒಂದು ಮಾತಿನ ಬೆನ್ನು ಹತ್ತಿ ಹೋಗಿದ್ದರಿಂದ ನನ್ನ ಪ್ರಬಂಧದ ಒಂದು ಅಧ್ಯಾಯದ ದಿಕ್ಕೇ ಬದಲಾಯಿತು. ಬ್ಯಾಕಪ್ ಪರೀಕ್ಷೆ ಮಾಡದಿದ್ದರೆ ಆ ಫೈಲನ್ನು ನಾನು ತೆರೆಯುತ್ತಲೇ ಇರಲಿಲ್ಲ.

ಇಷ್ಟೆಲ್ಲ ಹೊಗಳಿದರೂ ಒಂದು ವಿಷಯಕ್ಕೆ ನನಗೆ ನಿಜವಾಗಿಯೂ ಸಿಟ್ಟಿದೆ. ರೆಸ್ಟಿಕ್‌ಗೆ ತನ್ನದೇ ಆದ ಕಿಟಕಿ, ಬಟನ್ ಯಾವುದೂ ಇಲ್ಲ, ಎಲ್ಲ ಕಮಾಂಡ್ ಪ್ರಾಂಪ್ಟ್‌ನಲ್ಲೇ. ವಿಂಡೋಸಿನ ಆ ಕಪ್ಪು ಪರದೆಯಲ್ಲಿ ಕನ್ನಡದ ಫೈಲ್ ಹೆಸರುಗಳು ಬರೀ ಚೌಕಗಳಾಗಿ ಕಾಣುತ್ತವೆ. ಸುಗ್ಗಿ ಹಾಡು ಯಾವುದು, ಮದುವೆ ಹಾಡು ಯಾವುದು ಹೇಗೆ ಗುರುತಿಸೋದು? ಫೈಲು ಒಳಗೆ ಸರಿಯಾಗೇ ಇರುತ್ತದೆ, ವಾಪಸ್ ತೆಗೆದಾಗ ಹೆಸರೂ ಸರಿಯಾಗಿ ಬರುತ್ತದೆ, ಆದರೆ ಪಟ್ಟಿ ನೋಡಿದವರ ಎದೆ ಧಸಕ್ ಅನ್ನುತ್ತದೆ. ನಮ್ಮ ವಿಭಾಗದ ಒಬ್ಬ ಜೂನಿಯರ್ ಇದನ್ನು ನೋಡಿಯೇ ಬೇಡಕ್ಕಾ ಅಂತ ಪೆನ್ ಡ್ರೈವಿಗೆ ವಾಪಸ್ ಹೋದಳು. ಕನ್ನಡದಲ್ಲಿ ಕೆಲಸ ಮಾಡುವವರು ಸುಮ್ನೆ ಇದನ್ನು ಸಹಿಸಿಕೊಳ್ಳಬೇಕು ಅನ್ನೋದು ನನಗೆ ಒಪ್ಪಿಗೆಯಿಲ್ಲ. ಸದ್ಯಕ್ಕೆ ನಾನು ಪಟ್ಟಿಯನ್ನು ಒಂದು ಟೆಕ್ಸ್ಟ್ ಫೈಲಿಗೆ ಕಳಿಸಿ ನೋಟ್‌ಪ್ಯಾಡಿನಲ್ಲಿ ತೆರೆಯುತ್ತೇನೆ, ಅಲ್ಲಿ ಕನ್ನಡ ಚೆನ್ನಾಗಿ ಕಾಣುತ್ತದೆ. ಬ್ಯಾಕ್‌ರೆಸ್ಟ್ ಅಂತ ಇನ್ನೊಂದು ಉಚಿತ ಸಾಫ್ಟ್‌ವೇರ್ ಇದೆ. ರೆಸ್ಟಿಕ್ ಅನ್ನೇ ಬ್ರೌಸರಿನಲ್ಲಿ ನಡೆಸಲು ಕೊಡುತ್ತದೆ. ಜೂನಿಯರಿಗೆ ಅದನ್ನು ಹಾಕಿಕೊಟ್ಟ ಮೇಲೆ ಅವಳೂ ಈಗ ಬಳಸ್ತಾಳೆ. ಸ್ನ್ಯಾಪ್‌ಶಾಟನ್ನು ಒಂದು ಡ್ರೈವಿನ ಹಾಗೆ ತೆರೆದು ನೋಡುವ ಮೌಂಟ್ ಸೌಲಭ್ಯ ವಿಂಡೋಸಿನಲ್ಲಿ ಇಲ್ಲ, ಅದೊಂದು ಕೊರತೆ.

ಡಿಸ್ಕುಗಳ ಬಗ್ಗೆ ಹೆಚ್ಚು ಹೇಳೋದಿಲ್ಲ. ಫೆಲೋಶಿಪ್ ಬರೋದು ತಿಂಗಳುಗಟ್ಟಲೆ ತಡ, ಹಾಗಾಗಿ ದುಬಾರಿ ನ್ಯಾಸ್ (ನೆಟ್‌ವರ್ಕಿಗೆ ಸೇರಿಸುವ ಡಿಸ್ಕ್ ಪೆಟ್ಟಿಗೆ) ನನ್ನ ಕೈಗೆ ಎಟುಕಲ್ಲ. 2 ಟಿಬಿಯ ಎರಡು ಪೋರ್ಟಬಲ್ ಡಿಸ್ಕುಗಳನ್ನು ಬೇರೆ ಬೇರೆ ಕಂಪನಿಯದ್ದು, ಬೇರೆ ಬೇರೆ ಸಮಯಕ್ಕೆ ಕೊಂಡೆ. ಒಂದು ಮನೆಯಲ್ಲಿ, ಇನ್ನೊಂದು ಗೈಡ್ ಮೇಡಂ ಅವರ ಅಲ್ಮೆರಾದಲ್ಲಿ. ಲ್ಯಾಪ್‌ಟಾಪಿನಲ್ಲಿರುವುದೂ ಸೇರಿ ಮೂರು ಪ್ರತಿ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಜಾಗದಲ್ಲಿ ಅನ್ನುವ 3-2-1 ಲೆಕ್ಕವನ್ನು ಜನಪ್ರಿಯ ಮಾಡಿದ್ದು ಪೀಟರ್ ಕ್ರೋಗ್ ಅನ್ನುವ ಫೋಟೋಗ್ರಾಫರ್. ಕೆಲಸ ಮುಗಿದ ತಕ್ಷಣ ಡಿಸ್ಕನ್ನು ಕಿತ್ತಿಡಬೇಕು ಅನ್ನೋದನ್ನು ಮಾತ್ರ ಒತ್ತಿ ಹೇಳ್ತೀನಿ. ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್ ಯೂನಿವರ್ಸಿಟಿಗೆ 2019ರ ಡಿಸೆಂಬರಿನಲ್ಲಿ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಬಡಿದಾಗ ನೆಟ್‌ವರ್ಕಿಗೆ ಸೇರಿಕೊಂಡೇ ಇದ್ದ ಕೆಲವು ಬ್ಯಾಕಪ್ಪುಗಳಿಗೂ ಬೀಗ ಬಿತ್ತು, ಕೊನೆಗೆ ಅವರು 30 ಬಿಟ್‌ಕಾಯಿನ್ ಕೊಟ್ಟು ಬಿಡಿಸಿಕೊಂಡರು. ಸರ್ವರ್ ರೂಮ್ ಇದೆ, ಅವರು ನೋಡಿಕೊಳ್ತಾರೆ ಅನ್ನುವವರಿಗೆ ಕ್ಯೋಟೊ ಯೂನಿವರ್ಸಿಟಿಯ ಸಂಗತಿ ಹೇಳ್ತೀನಿ. 2021ರ ಡಿಸೆಂಬರಿನಲ್ಲಿ ಅಲ್ಲಿನ ಸೂಪರ್ ಕಂಪ್ಯೂಟರಿನಲ್ಲಿ ಹಳೆಯ ಲಾಗ್ ಅಳಿಸಬೇಕಿದ್ದ ಬ್ಯಾಕಪ್ ಸ್ಕ್ರಿಪ್ಟೇ ಸಂಶೋಧಕರ ಸುಮಾರು 77 ಟಿಬಿ ಫೈಲುಗಳನ್ನು ಅಳಿಸಿಹಾಕಿತು. 14 ಸಂಶೋಧನಾ ಗುಂಪುಗಳಿಗೆ ಪೆಟ್ಟು ಬಿತ್ತು.

ಪಾಸ್‌ವರ್ಡ್ ವಿಷಯದಲ್ಲಿ ಹುಷಾರು. ರೆಸ್ಟಿಕ್ ಎಲ್ಲವನ್ನೂ ಪಾಸ್‌ವರ್ಡ್ ಇಲ್ಲದೆ ಓದಲಾಗದ ಹಾಗೆ ಎನ್‌ಕ್ರಿಪ್ಟ್ ಮಾಡಿಯೇ ಇಡುತ್ತದೆ, ಪಾಸ್‌ವರ್ಡ್ ಮರೆತರೆ ತೆರೆಯೋದಕ್ಕೆ ಬೇರೆ ದಾರಿಯೇ ಇಲ್ಲ. ಒಂದೇ ರೆಪಾಸಿಟರಿಗೆ (ಬ್ಯಾಕಪ್ ಕೂರುವ ಜಾಗ) ಎರಡನೆಯ ಪಾಸ್‌ವರ್ಡ್ ಸೇರಿಸಬಹುದು, ನಾನು ಸೇರಿಸಿದ್ದೇನೆ, ಅದನ್ನು ಕಾಗದದಲ್ಲಿ ಬರೆದು ಅಣ್ಣನ ಹತ್ತಿರ ಕೊಟ್ಟಿದ್ದೇನೆ. ಡಿಸ್ಕ್ ಇರುವ ಅಲ್ಮೆರಾದಲ್ಲೇ ಪಾಸ್‌ವರ್ಡ್ ಇಡಬೇಡಿ.

ಎನ್‌ಕ್ರಿಪ್ಷನ್ ಬೆಲೆ ನನಗೆ ಗೊತ್ತಾಗಿದ್ದು ಒಂದು ಡಿಸ್ಕ್ ವಾರಂಟಿಯೊಳಗೇ ಸದ್ದು ಮಾಡಲು ಶುರುಮಾಡಿದಾಗ. ಬದಲಿಸಿಕೊಡ್ತಾರೆ, ಆದರೆ ಹಳೆಯ ಡಿಸ್ಕನ್ನು ಅವರಿಗೇ ಕೊಡಬೇಕು. ಅಜ್ಜಿಯರು ನನ್ನನ್ನು ನಂಬಿ ಹೇಳಿಕೊಂಡ ಮನೆ ಮಾತು, ಜಗಳ, ಹೆಸರು, ಎಲ್ಲ ಅದರಲ್ಲಿದ್ದವು. ಬೇರೆ ಯಾರೂ ತೆರೆಯಲಾರರು ಅಂತ ಗೊತ್ತಿದ್ದರಿಂದ ಧೈರ್ಯವಾಗಿ ಕೊಟ್ಟು ಬಂದೆ, ಹೊಸ ಡಿಸ್ಕಿಗೆ ಅಲ್ಮೆರಾದ ಪ್ರತಿಯಿಂದ ಎಲ್ಲವನ್ನೂ ತುಂಬಿಸಿಕೊಂಡೆ. ಬಿಲ್ಲನ್ನು ಮಾತ್ರ ಜೋಪಾನವಾಗಿ ಇಟ್ಟುಕೊಳ್ಳಿ, ಅದರ ಫೋಟೋ ಕೂಡ ಬ್ಯಾಕಪ್ಪಿನಲ್ಲಿ ಇರಲಿ.