ರಿಲೇ ಪಾಸ್‌ವರ್ಡ್ ಯಾರೂ ಕದಿಯಲಿಲ್ಲ, ಆದರೂ ಸಂಘದ ಹೆಸರಲ್ಲಿ ಮೋಸದ ಮೇಲ್ ಹೋಯಿತು

ಶಿರಸಿಯ ಒಂದು ಅಡಿಕೆ ಮಾರಾಟ ಸಂಘದ ಕಂಪ್ಯೂಟರ್ ಕೆಲಸ ನಾನು ನೋಡಿಕೊಳ್ಳುತ್ತೇನೆ. ಸಂಘದ ಹೆಸರು ಬೇಡ, ತಪ್ಪು ನನ್ನದು. ಸ್ವಂತ ಸರ್ವರ್ ಇಟ್ಟು ಹೊರಗಿನ ರಿಲೇ (ನಮ್ಮ ಮೇಲ್ ತಗೊಂಡು ಮುಂದೆ ತಲುಪಿಸುವ ಸೇವೆ) ಮೂಲಕ ಮೇಲ್ ಕಳಿಸುವವರು ದಯವಿಟ್ಟು ಪೂರ್ತಿ ಓದಿ.

ದಿನಾ ಟೆಂಡರ್ ಮುಗಿದ ಮೇಲೆ ಸದಸ್ಯರಿಗೆ ವಿಕ್ರಿ ಪಟ್ಟಿ ಮೇಲ್‌ನಲ್ಲಿ ಹೋಗುತ್ತದೆ. ರಾಶಿ ಅಡಿಕೆ ಎಷ್ಟು ತೂಗಿತು, ಚಾಲಿ ಅಡಿಕೆಗೆ ಎಷ್ಟು ದರ ಸಿಕ್ಕಿತು ಎಂಬುದೆಲ್ಲ ಅದರಲ್ಲಿರುತ್ತದೆ. ಎಷ್ಟೋ ಮನೆಗಳಲ್ಲಿ ತೋಟ ನೋಡುವವರು ಅಪ್ಪ, ಲೆಕ್ಕ ನೋಡುವವರು ಬೆಂಗಳೂರಿನಲ್ಲಿರುವ ಮಗ ಅಥವಾ ಮಗಳು. ಅವರಿಗೆ ಈ ಮೇಲ್ ಬೇಕೇ ಬೇಕು.

ನಮ್ಮ ಇಂಟರ್ನೆಟ್ ಲೈನಿನಲ್ಲಿ 25ನೇ ಪೋರ್ಟ್‌ನಿಂದ (ಸರ್ವರ್‌ಗಳು ಒಂದಕ್ಕೊಂದು ಮೇಲ್ ಕೊಡುವ ದಾರಿ) ಮೇಲ್ ಹೊರಗೆ ಹೋಗುವುದಿಲ್ಲ. ಸ್ಪ್ಯಾಮ್ ತಡೆಯಲು ಎಷ್ಟೋ ಕಡೆ ಹೀಗೆ ಮುಚ್ಚಿರುತ್ತಾರೆ. ಅದಕ್ಕೇ ದುಡ್ಡು ಕೊಟ್ಟು ಒಂದು ರಿಲೇ ಸೇವೆ ತಗೊಂಡೆವು. ನಮ್ಮ ಸರ್ವರ್‌ನಲ್ಲಿ ಮೇಲ್ ಕಳಿಸುವ ಪ್ರೋಗ್ರಾಮ್ ಪೋಸ್ಟ್‌ಫಿಕ್ಸ್. ಅದರಲ್ಲಿ ರಿಲೇಹೋಸ್ಟ್ (ಮೇಲ್ ಯಾವ ರಿಲೇಗೆ ಕೊಡಬೇಕು ಎಂಬುದು) ಬರೆದು, ಲಾಗಿನ್ ಆಗಿ ಮೇಲ್ ಕೊಡುವ 587ನೇ ಪೋರ್ಟ್ ಕೊಟ್ಟು, ದಾರಿಯಲ್ಲಿ ಯಾರೂ ಓದದಂತೆ ಟಿಎಲ್‌ಎಸ್ ಗೂಢಲಿಪಿ ಕಡ್ಡಾಯ ಮಾಡಿದೆ. ಪಾಸ್‌ವರ್ಡ್ ಫೈಲನ್ನು ರೂಟ್ (ಸರ್ವರ್‌ನ ಮುಖ್ಯ ಖಾತೆ) ಬಿಟ್ಟು ಬೇರೆ ಯಾರೂ ಓದದಂತೆ 600 ಅನುಮತಿ ಹಾಕಿದೆ. ಮೇಲ್ ನಿಜಕ್ಕೂ ನಮ್ಮ ಡೊಮೇನಿನದೇ ಎಂದು ತೋರಿಸುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಸರಿ ಮಾಡಿದೆ. ಪಟ್ಟಿಗಳು ನೇರ ಇನ್‌ಬಾಕ್ಸ್‌ಗೇ ಹೋಗತೊಡಗಿದವು. ಇಲ್ಲಿವರೆಗೆ ಎಲ್ಲ ಸರಿಯಿತ್ತು.

ಆಮೇಲೆ ಕುಮಟೆಯ ಶಾಖೆಯವರು ಕೇಳಿದರು. ಅಲ್ಲಿನ ಸ್ಕ್ಯಾನರ್‌ನಿಂದಲೂ ಮೇಲ್ ಹೋಗಬೇಕಿತ್ತು. ಅದಕ್ಕೆ ಪಾಸ್‌ವರ್ಡ್ ಹಾಕಿ ಕಳಿಸಲು ಬರುವುದಿಲ್ಲ. ಹಾಗಾಗಿ ಶಾಖೆಯ ಐಪಿ ವಿಳಾಸವನ್ನು ನಮ್ಮ ಸರ್ವರ್‌ನ ‘ಮೈನೆಟ್‌ವರ್ಕ್ಸ್’ ಸಾಲಿಗೆ ಸೇರಿಸಿದೆ. ಅದು ಸರ್ವರ್ ನಂಬುವ ವಿಳಾಸಗಳ ಸಾಲು. ಆದರೆ ಅದು ಜುಲೈ ತಿಂಗಳು. ಮಳೆಗೆ ಕರೆಂಟ್ ಹೋಗಿ ಬಂದಾಗಲೆಲ್ಲ ಶಾಖೆಯ ರೌಟರ್‌ಗೆ ಹೊಸ ಐಪಿ ಸಿಗುತ್ತಿತ್ತು. ದಿನಕ್ಕೆ ನಾಲ್ಕು ಸಲ ಫೋನ್. ಸಾಕಾಗಿ, ‘ನಾಳೆ ಸರಿ ಮಾಡಿದರಾಯ್ತು’ ಅಂತ ಆ ಸಾಲಿನಲ್ಲಿ 0.0.0.0/0 ಎಂದು ಬರೆದೆ. ಅಂದರೆ, ಜಗತ್ತಿನ ಯಾವ ವಿಳಾಸದಿಂದ ಬಂದರೂ ನಮ್ಮವರೇ.

ಹಿಂದೆ ಇದೇ ಸರ್ವರ್‌ಗೆ ಮೇಲ್ ಬರುತ್ತಿತ್ತು. ಆಗ ರೌಟರ್‌ನಲ್ಲಿ ಒಳಗೆ ಬರಲು ತೆರೆದ 25ನೇ ಪೋರ್ಟ್ ಹಾಗೇ ಉಳಿದಿತ್ತು. ಲೈನಿನವರು ತಡೆದಿದ್ದು ಹೊರಗೆ ಹೋಗುವುದನ್ನು ಮಾತ್ರ. ಒಳಗೆ ಬರುವ ದಾರಿ ತೆರೆದೇ ಇತ್ತು. ಇಂಥ ಸರ್ವರ್ ಹುಡುಕುವ ಪ್ರೋಗ್ರಾಮ್‌ಗಳು ಇಂಟರ್ನೆಟ್‌ನಲ್ಲಿ ಹಗಲೂ ರಾತ್ರಿ ತಿರುಗುತ್ತಿರುತ್ತವೆ.

ಮೂರನೇ ದಿನ ಬೆಳಿಗ್ಗೆ ರಿಲೇ ಸೇವೆಯವರು ನಮ್ಮ ಖಾತೆ ನಿಲ್ಲಿಸಿದರು. ಕಾಯುತ್ತಿರುವ ಮೇಲ್‌ಗಳ ಸರದಿ ತೋರಿಸುವ ‘ಮೇಲ್‌ಕ್ಯೂ’ ಆಜ್ಞೆ ಹೊಡೆದು ನೋಡಿದರೆ ಸರದಿ ಮುಗಿಯುವುದೇ ಇಲ್ಲ. ಯಾರಿಗೋ, ಎಲ್ಲೆಲ್ಲಿಗೋ. ‘ನಿಮ್ಮ ಬ್ಯಾಂಕ್ ಖಾತೆ ತಡೆಹಿಡಿಯಲಾಗಿದೆ, ಇಲ್ಲಿ ಒತ್ತಿ’ ಎಂಬ ಮೇಲ್‌ಗಳು. ಕಳಿಸಿದವರ ಜಾಗದಲ್ಲಿ ನಮ್ಮ ಸಂಘದ ಡೊಮೇನ್.

ಮೊದಲು ಪಾಸ್‌ವರ್ಡ್ ಕಳುವಾಗಿದೆ ಎಂದುಕೊಂಡು ಅದನ್ನೇ ಬದಲಾಯಿಸಲು ಕೂತೆ. ಒಂದು ಗಂಟೆ ಅಲ್ಲೇ ಹೋಯಿತು. ಪಾಸ್‌ವರ್ಡ್ ಕದಿಯುವ ಅಗತ್ಯವೇ ಅವರಿಗಿರಲಿಲ್ಲ. ಅವರು ನಮ್ಮ ಸರ್ವರ್‌ಗೆ ಮೇಲ್ ಕೊಟ್ಟರೆ ಸಾಕು, ನಮ್ಮ ಪಾಸ್‌ವರ್ಡ್ ಹಾಕಿ ಮುಂದೆ ಕಳಿಸುವ ಕೆಲಸ ಸರ್ವರ್ರೇ ಮಾಡುತ್ತಿತ್ತು. ರಿಲೇ ಇರದಿದ್ದರೆ 25ನೇ ಪೋರ್ಟ್ ಮುಚ್ಚಿದ್ದರಿಂದ ಅಷ್ಟೂ ಕಸ ನಮ್ಮಲ್ಲೇ ಉಳಿಯುತ್ತಿತ್ತು. ರಿಲೇ ಇದ್ದದ್ದಕ್ಕೆ ಅದಕ್ಕೆ ದಾರಿಯೂ ಸಿಕ್ಕಿತು, ಮರ್ಯಾದೆಯೂ ಸಿಕ್ಕಿತು. ನಮ್ಮ ಡೊಮೇನ್ ಹೆಸರಲ್ಲಿ ಬಂದ ಮೇಲ್ ಅಲ್ವಾ, ರಿಲೇ ಅದಕ್ಕೆ ನಮ್ಮದೇ ಡಿಕಿಮ್ ಸಹಿ ಹಾಕಿತು. ಎಸ್‌ಪಿಎಫ್ ಪಾಸ್, ಡಿಮಾರ್ಕ್ ಪಾಸ್. ಮೋಸದ ಮೇಲ್ ಅಸಲಿ ಮೇಲ್ ಆಗಿ ಜನರ ಇನ್‌ಬಾಕ್ಸ್ ಸೇರಿತು. ಅದನ್ನು ನಂಬಿ ಎಲ್ಲೋ ಯಾರಾದರೂ ದುಡ್ಡು ಕಳಕೊಂಡಿದ್ದರೆ, ಆ ಯೋಚನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಗಾಬರಿಯಲ್ಲಿ ಎರಡನೇ ತಪ್ಪೂ ಮಾಡಿದೆ. ಪೋಸ್ಟ್‌ಫಿಕ್ಸ್‌ನ ಸರದಿ ನಿಭಾಯಿಸುವ ಪೋಸ್ಟ್‌ಸೂಪರ್ ಆಜ್ಞೆಯಿಂದ ಇಡೀ ಸರದಿಯನ್ನು ಒಂದೇ ಏಟಿಗೆ ಅಳಿಸಿದೆ. ರಿಲೇಯ ಗಂಟೆಯ ಮಿತಿ ದಾಟಿದ್ದರಿಂದ ನಮ್ಮ ವಿಕ್ರಿ ಪಟ್ಟಿಗಳೂ ಅದೇ ಸರದಿಯಲ್ಲಿ ಕಾಯುತ್ತಿದ್ದವು. ಅವೂ ಹೋದವು. ಹೋಗದ ಮೇಲ್ ಅನ್ನು ಪೋಸ್ಟ್‌ಫಿಕ್ಸ್ ತಾನಾಗಿಯೇ 5 ದಿನ ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಅವಸರ ಮಾಡುವ ಕಾರಣವೇ ಇರಲಿಲ್ಲ. ನಿಮಗೆ ಇಂಥ ಹೊತ್ತು ಬಂದರೆ ಅಳಿಸಬೇಡಿ. ಮೊದಲು ಒಳಬರುವ ದಾರಿ ಮುಚ್ಚಿ. ಅದೇ ಪೋಸ್ಟ್‌ಸೂಪರ್‌ನಲ್ಲಿ ಚಿಕ್ಕ ‘ಎಚ್’ ಆಯ್ಕೆ ಕೊಟ್ಟು ಎಲ್ಲವನ್ನೂ ತಡೆದಿಡಿ. ನಿಧಾನಕ್ಕೆ ಬೇರ್ಪಡಿಸಿ. ನಿಮ್ಮವನ್ನು ದೊಡ್ಡ ‘ಎಚ್’ ಆಯ್ಕೆಯಿಂದ ಬಿಡುಗಡೆ ಮಾಡಿ.

ಮರುದಿನ ಹಿರಿಯ ಸದಸ್ಯರೊಬ್ಬರು ಮಳೆಯಲ್ಲೇ ಬಂದರು. “ತಮಾ, ಮಗನಿಗೆ ಪಟ್ಟಿ ಬರಲೇ ಇಲ್ಲವಂತಲ್ಲ, ಎಂತ ಆಯ್ತು?” ಅಂತ ಕೇಳಿದರು. ಪ್ರಿಂಟ್ ತೆಗೆದು ಕೈಗೆ ಕೊಟ್ಟೆ. ಆಗಿದ್ದನ್ನೂ ಮುಚ್ಚಿಡದೆ ಹೇಳಿದೆ.

ಈಗ ನಮ್ಮ ‘ಮೈನೆಟ್‌ವರ್ಕ್ಸ್’ ಸಾಲಿನಲ್ಲಿ 127.0.0.0/8 (ಅಂದರೆ ಆ ಸರ್ವರ್ ಮಾತ್ರ) ಬಿಟ್ಟು ಬೇರೇನೂ ಇಲ್ಲ. ಸರ್ವರ್ ಎಲ್ಲಿಂದ ಮೇಲ್ ತಗೊಳ್ಳಬೇಕು ಎಂದು ಹೇಳುವ ‘ಐನೆಟ್ ಇಂಟರ್ಫೇಸಸ್’ ಸಾಲಿನಲ್ಲಿ ಲೂಪ್‌ಬ್ಯಾಕ್, ಅಂದರೆ ತನ್ನೊಳಗಿನಿಂದ ಮಾತ್ರ. ರೌಟರ್‌ನ ಹಳೆಯ ದಾರಿ ತೆಗೆದಿದ್ದೇನೆ. ಶಾಖೆಗೆ ಪಾಸ್‌ವರ್ಡ್ ಹಾಕಲು ಬರುವ ಸ್ಕ್ಯಾನರ್ ಕೊಡಿಸಿ, ರಿಲೇಯಲ್ಲಿ ಬೇರೆಯೇ ಲಾಗಿನ್ ಮಾಡಿಕೊಟ್ಟಿದ್ದೇನೆ. ದಿನದ ಮಿತಿಯನ್ನೂ ನಮಗೆ ಬೇಕಾದಷ್ಟಕ್ಕೇ ಇಳಿಸಿದ್ದೇನೆ.

ನಿಮ್ಮದನ್ನು ಇವತ್ತೇ ಹೊರಗಿನಿಂದ ಪರೀಕ್ಷಿಸಿ. ಬೇರೆ ಲೈನಿನಿಂದ ನಿಮ್ಮ ಸರ್ವರ್‌ನ 25ನೇ ಪೋರ್ಟ್‌ಗೆ ಟೆಲ್‌ನೆಟ್ (ಪೋರ್ಟ್‌ಗೆ ನೇರ ಕನೆಕ್ಟ್ ಮಾಡಿ ನೋಡುವ ಪ್ರೋಗ್ರಾಮ್) ಮಾಡಿ, ನಿಮ್ಮದಲ್ಲದ ವಿಳಾಸಕ್ಕೆ ಮೇಲ್ ಕೊಡಲು ನೋಡಿ. ಕನೆಕ್ಟ್ ಆಗಬಾರದು. ಒಂದು ವೇಳೆ ಕನೆಕ್ಟ್ ಆದರೂ ‘ರಿಲೇ ಆಕ್ಸೆಸ್ ಡಿನೈಡ್’ ಎಂದು ತಿರಸ್ಕರಿಸಬೇಕು. ಮೊಬೈಲ್ ಹಾಟ್‌ಸ್ಪಾಟ್‌ನಿಂದ ನೋಡಿ ಕನೆಕ್ಟ್ ಆಗಲಿಲ್ಲ ಅಂತ ಸುಮ್ನೆ ನೆಮ್ಮದಿಯಾಗಬೇಡಿ. ಆ ಕಡೆಯೇ 25 ಮುಚ್ಚಿರಬಹುದು. ಹೊರಗಿನ ಇನ್ನೊಂದು ಸರ್ವರ್‌ನಿಂದಲೂ ಒಮ್ಮೆ ನೋಡಿ.